ಹಕ್ಕಿಯ ಸೀಟಿಗೆ ಹಿಂದೆ ಸರಿದ ಬಸ್ಸು

ಬಸ್ಸನ್ನು ಹಿಂದಕ್ಕೆ ತೆಗೆಯುವವನು ಡ್ರೈವರ್ ಎಂದು ಜನ ತಿಳಿದಿದ್ದಾರೆ. ಡ್ರೈವರ್‌ಗಳೂ ಹಾಗೆಯೇ ತಿಳಿದಿದ್ದಾರೆ. ಅದು ಶುದ್ಧ ಸುಳ್ಳು. ಡ್ರೈವರ್ ಮುಂದಕ್ಕೆ ಮುಖ ಮಾಡಿ ಕೂತಿರುತ್ತಾನೆ. ಬೆನ್ನ ಹಿಂದೆ ಏನಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಅಲ್ಲಿ ಬಾವಿ ಇರಬಹುದು, ಮಲಗಿದ ಎಮ್ಮೆ ಇರಬಹುದು, ಯಾರದೋ ಹೊಸ ಮೋಟರ್‌ಸೈಕಲ್ ಇರಬಹುದು. ಅದನ್ನೆಲ್ಲ ನೋಡಿ, ಬಾಯಲ್ಲಿ ಎರಡು ಬೆರಳಿಟ್ಟು ಸೀಟಿ ಹೊಡೆದು, ಅಷ್ಟು ದೊಡ್ಡ ಗಾಡಿಯನ್ನು ಹಿಂದಕ್ಕೆ ಕರೆದುಕೊಂಡು ಬರುವವನು ಕ್ಲೀನರ್. ಮೀಸೆ ಚಿಗುರಿದಾಗಿನಿಂದ ಮೀಸೆ ಬೆಳ್ಳಗಾಗುವವರೆಗೆ ನಾನು ಆ ಕೆಲಸ ಮಾಡಿದ್ದೇನೆ.

ನನ್ನ ಹೆಸರು ಸಿದ್ರಾಮ. ಊರು ಅಥಣಿ ತಾಲೂಕಿನ ಐಗಳಿ. ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯಿತು. ಮುಗಿಯಿತು ಅಂದರೆ ಶಾಲೆ ಅಲ್ಲಿಯೇ ಇತ್ತು, ನಾನು ಹೋಗುವುದು ನಿಂತಿತು. ಉಳಿದ ಓದು ರಸ್ತೆಯ ಬೋರ್ಡುಗಳಿಂದ ಬಂತು. ಗಡಿಯ ಈಚೆ ಕನ್ನಡ, ಆಚೆ ಮರಾಠಿ, ಎರಡನ್ನೂ ಓಡುವ ಬಸ್ಸಿನ ಬಾಗಿಲಲ್ಲಿ ನಿಂತು ಕಲಿತೆ. ಆದ್ದರಿಂದ ಇಂದಿಗೂ ನಿಂತ ಅಕ್ಷರಕ್ಕಿಂತ ಓಡುವ ಅಕ್ಷರ ನನಗೆ ಚೆನ್ನಾಗಿ ಕಾಣುತ್ತದೆ.

ಈಗ ಈ ಕೆಲಸಕ್ಕೆ ಬರುವ ಹುಡುಗರು ನನ್ನ ಹತ್ತಿರ ಬಂದು, "ಮಾಮಾ, ಇದರಾಗ ಕಲಿಯೂದ ಏನೈತಿ? ಹಿಂದ ಕ್ಯಾಮೆರಾ ಐತಿ, ಗಾಡಿ ತಾನ ಕುಂಯ್ ಕುಂಯ್ ಅಂತೈತಿ," ಅನ್ನುತ್ತಾರೆ. ಕ್ಯಾಮೆರಾ ನಾನೂ ನೋಡಿದ್ದೇನೆ. ಅದರ ಕಣ್ಣಿಗೆ ಕೆಸರು ಸಿಡಿದರೆ ಒರೆಸಲು ಯಾರು ಇಳಿಯಬೇಕು? ಕ್ಲೀನರ್. ಏರಿನಲ್ಲಿ ಗಾಲಿಗೆ ಕಲ್ಲು ಯಾರು ಇಡಬೇಕು? ಪ್ರವಾಸದ ಮಕ್ಕಳು ತಿರುವಿನಲ್ಲಿ ವಾಂತಿ ಮಾಡಿಕೊಂಡರೆ ಕ್ಯಾಮೆರಾ ಲಿಂಬೆಹಣ್ಣು ಕೊಯ್ದು ಕೊಡುತ್ತದೆಯೇ? ಆದ್ದರಿಂದ ಹುಡುಗರೇ, ಕೆಲಸ ಇದೆ. ಆದರೆ ಅದರ ನಡುವೆ ಏನೇನು ಬಂದು ಕೂರುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿರುವುದಿಲ್ಲ. ನನ್ನ ಕೆಲಸದ ನಡುವೆ ಒಂದು ಹಕ್ಕಿ ಬಂದು ಕೂತಿತ್ತು.

ಅದಕ್ಕೆ ಮೊದಲು ಸೀಟಿಯ ಮಾತು. ನಮ್ಮ ಲೈನಿನಲ್ಲಿ ಉದ್ದನೆಯ ಒಂದು ಸೀಟಿ ಅಂದರೆ ಹಿಂದೆ ಬಾ. ಗಿಡ್ಡ ಎರಡು ಅಂದರೆ ನಿಲ್ಲು. ನನ್ನ ಮೊದಲ ಡ್ರೈವರ್ ದಸ್ತಗೀರ ಮಾಮಾ ಇದನ್ನು ಕಲಿಸುವಾಗ ಕಬ್ಬಿನ ಹೊಲದ ಅಂಚಿಗೆ ಒಯ್ದು ನಿಲ್ಲಿಸುತ್ತಿದ್ದರು. "ನಾಲಿಗಿ ಒಳಗ ಮಡಚು, ಬೆರಳ ಹಲ್ಲಿಗಿ ತಾಗಬಾರದು, ಈಗ ಊದು." ನಾನು ಊದಿದರೆ ಬರೀ ಉಗುಳು ಬರುತ್ತಿತ್ತು. ಕೊನೆಗೆ ಒಂದು ದಿನ ಸೀಟಿ ಬಂತು. ಅದು ಬಂದ ಕೂಡಲೇ ಕಬ್ಬಿನೊಳಗೆ ಕಳೆ ತೆಗೆಯುತ್ತಿದ್ದ ಹೆಂಗಸರು ಹೊರಗೆ ಬಂದು ನಮ್ಮಿಬ್ಬರಿಗೂ ಹೆಂಟೆ ಎಸೆದರು. ದಸ್ತಗೀರ ಮಾಮಾ ಓಡುತ್ತಲೇ, "ಪಾಸ್ ಆದಿ ಮಗನ!" ಎಂದರು. ಅದೇ ನನ್ನ ಪದವಿ ಪ್ರದಾನ.

ಬರೀ ಸೀಟಿ ಸಾಲದು ಎಂದು ತಿಳಿದದ್ದು ಮಂಗಸೂಳಿಯಲ್ಲಿ. ಅಮಾವಾಸ್ಯೆಗೆ ಮಲ್ಲಯ್ಯನ ದರ್ಶನಕ್ಕೆ ಜನ ಹರಿದು ಬರುತ್ತಾರೆ, ಬಸ್ಸುಗಳು ಮೈಗೆ ಮೈ ಹಚ್ಚಿ ನಿಂತಿರುತ್ತವೆ. ಯಾವನೋ ಇನ್ನೊಬ್ಬ ಕ್ಲೀನರ್ ತನ್ನ ಗಾಡಿಗೆ ಸೀಟಿ ಹೊಡೆದ. ನಮ್ಮ ಗಾಡಿ ಹಿಂದಕ್ಕೆ ಬಂತು. ನಾನು ಕೂಗುವಷ್ಟರಲ್ಲಿ ಕಬ್ಬಿನ ಹಾಲಿನ ಗಾಣ ಒಂದು ಚಪ್ಪಟೆಯಾಯಿತು. ಗಾಣದವನು ಕುಡಿಯಲು ಬಂದವರನ್ನು ಬಿಟ್ಟು ನನ್ನನ್ನೇ ಹಿಂಡಲು ಬಂದ. ಅಂದಿನಿಂದ ನಮ್ಮ ಕಡೆಯ ಕ್ಲೀನರ್‌ಗಳೆಲ್ಲ ತಮ್ಮ ಸೀಟಿಗೆ ಒಂದೊಂದು ಬಾಲ ಹಚ್ಚಿಕೊಂಡರು. ಒಬ್ಬನದು ಕೊನೆಗೆ ಸರ್ರನೆ ಏರುತ್ತಿತ್ತು, ಒಬ್ಬನದು ನಡುವೆ ಮುರಿಯುತ್ತಿತ್ತು. ನನ್ನದು ಎಲ್ಲರಿಗಿಂತ ಕಠಿಣ. ಮೊದಲು ಸಾವಕಾಶ ಏರಬೇಕು, ಆಮೇಲೆ ಇಳಿಯಬೇಕು, ಮತ್ತೆ ಏರಬೇಕು; ಕೆಲಸವಿಲ್ಲದ ಹುಡುಗ ಯಾವುದೋ ಹಾಡು ಗುನುಗುತ್ತ ಅರ್ಧಕ್ಕೆ ಮರೆತುಬಿಟ್ಟಂತೆ ಗಾಳಿಯಲ್ಲಿ ತೇಲಿ ನಿಲ್ಲಬೇಕು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಇಂಥದ್ದನ್ನು ಹೊಡೆಯುವವನು ನಾನೊಬ್ಬನೇ ಎಂದು ನಾನು ಹೇಳುತ್ತಿದ್ದೆ. ಯಾರೂ ಅಲ್ಲ ಅನ್ನಲಿಲ್ಲ. ಮನುಷ್ಯರ ಪೈಕಿ ಯಾರೂ ಇರಲಿಲ್ಲ, ನಿಜ.

ದಸ್ತಗೀರ ಮಾಮಾ ಗಾಡಿ ಓಡಿಸುವುದು ಬಿಟ್ಟ ಮೇಲೆ ನಾನು ನಿಪ್ಪಾಣಿಯ ತಾತ್ಯಾ ಅವರ ಪ್ರವಾಸದ ಬಸ್ಸಿಗೆ ಸೇರಿದೆ. ತಾತ್ಯಾ ಮಾಲಕರು. ಒಳ್ಳೆಯ ಮನುಷ್ಯ, ಒಂದೇ ಚಟ: ವಿಚಾರಣೆ. ಅವರ ಅಂಗಳದ ಬೇವಿನ ಗಿಡದ ಕೆಳಗೆ ಕುರ್ಚಿ ಬಿತ್ತು ಅಂದರೆ ಯಾರದೋ ವಿಚಾರಣೆ ಇದೆ ಎಂದೇ ಅರ್ಥ. ಒಮ್ಮೆ ಬಸ್ಸಿನ ಹಾರ್ನು ಕೆಟ್ಟಿತು. ಯಾರು ಕೆಡಿಸಿದರು ಎಂದು ಅವರು ಊಟದ ಹೊತ್ತಿನವರೆಗೆ ಕೇಳಿ, ಕೊನೆಗೆ ಹಾರ್ನನ್ನೇ ಬಿಚ್ಚಿ ತರಿಸಿ ಎದುರಿಗೆ ಇಟ್ಟು, "ಈಗ ಹೇಳು, ಏನಾತು?" ಎಂದು ಅದನ್ನೇ ಕೇಳಿದ್ದರು. ನಾನು ಕಣ್ಣಾರೆ ನೋಡಿದ್ದೇನೆ.

ಡ್ರೈವರ್ ಕಾಗವಾಡದ ಬಾಬು. ಕೈ ಬಂಗಾರ, ಬಾಯಿ ಕಬ್ಬಿಣ. ಸ್ಟೇರಿಂಗ್ ಹಿಡಿದರೆ ಬಸ್ಸಿನೊಳಗೆ ತುಂಬಿದ ಲೋಟದ ನೀರು ಅಲುಗುತ್ತಿರಲಿಲ್ಲ. ಆದರೆ ತಾನು ತಪ್ಪಿದೆ ಎಂಬ ಮಾತು ಅವನ ಹಲ್ಲು ದಾಟಿ ಹೊರಗೆ ಬಂದದ್ದನ್ನು ಅವನ ಹೆಂಡತಿಯೂ ಕೇಳಿರಲಿಲ್ಲ.

ಒಂದು ಮಳೆಗಾಲ ಅಥಣಿ ಕಡೆಯ ಕಬ್ಬಿನ ರೈತರು ಜಲಪಾತ ನೋಡಲು ನಮ್ಮ ಬಸ್ಸು ಹಿಡಿದರು. ನಿಪ್ಪಾಣಿಯಿಂದ ಗಡಹಿಂಗ್ಲಜ್, ಆಜರಾ ದಾಟಿ ಆಂಬೋಲಿ ಘಟ್ಟ. ನಮ್ಮ ಬಯಲಿನವರಿಗೆ ಅದು ಬೇರೆಯೇ ಲೋಕ. ಹೊಲ ಮುಗಿದು ಕಾಡು ಶುರುವಾಗುತ್ತದೆ, ಬಂಡೆಗಳಿಗೆ ಪಾಚಿ ಹತ್ತಿರುತ್ತದೆ, ಹೆಜ್ಜೆಗೊಂದು ಹಳ್ಳ ಹರಿಯುತ್ತಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ತಲುಪಿದೆವು. ಮಂಜು ಎಷ್ಟಿತ್ತೆಂದರೆ ರೈತರು ಕಿಟಕಿಯಿಂದ ಹೊರಗೆ ನೋಡಿ ಜಗಳಕ್ಕೇ ನಿಂತರು.

"ಜಲಪಾತ ಎಲ್ಲೈತಲೇ?"

"ಎದರಿಗೇ ಐತ್ರಿ ಕಾಕಾ, ಮಂಜ ಸರೀಲಿ."

"ನೀರ ಬೀಳೂದ ನೋಡಾಕ ಇಷ್ಟ ದೂರ ಬರಬೇಕಿತ್ತೇನ? ನಮ್ಮ ಕೆನಾಲ್ ಒಡದಾಗ ಇದಕ್ಕಿಂತ ಚಂದ ಬಿದ್ದಿತ್ತು."

ಹಳ್ಳದ ಪಕ್ಕದ ಬಯಲಿನಲ್ಲಿ ಬಸ್ಸು ತಿರುಗಿಸಬೇಕಿತ್ತು. ನಾನು ಇಳಿದು ಬಾಬುಗೆ, "ನಾ ಸೀಟಿ ಹೊಡ್ಯೂತನಕ ಅಲ್ಲಾಡಬ್ಯಾಡ," ಎಂದು ಹೇಳಿ, ಎದುರಿನ ಚಹಾದಂಗಡಿಗೆ ಹೋದೆ. ಅಂಗಡಿ ನಡೆಸುವ ಮಾವಶಿ ಮರಾಠಿ ಹೆಂಗಸು. ಬಾಬುಗೊಂದು ನನಗೊಂದು ಚಹಾ ಹಿಡಿದು ತಿರುಗಿದೆ. ಆಗ ಬಸ್ಸಿನ ಹಿಂದಿನಿಂದ ಸೀಟಿ ಬಂತು.

ಸಾವಕಾಶ ಏರಿತು. ಇಳಿಯಿತು. ಮತ್ತೆ ಏರಿ, ಮರೆತ ಹಾಡಿನಂತೆ ತೇಲಿ ನಿಂತಿತು. ನನ್ನ ಸೀಟಿ. ಬಾಲ ಸಮೇತ.

ಮೊದಲು ನಾನು ನನ್ನ ಕೈ ನೋಡಿಕೊಂಡೆ. ಎರಡರಲ್ಲೂ ಚಹಾದ ಲೋಟ. ಬಾಯಿ ಮುಟ್ಟಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ಅಷ್ಟರಲ್ಲಿ ಬಾಬು ರಿವರ್ಸ್ ಹಾಕಿದ್ದ. ಕೂಗಿದೆ, ಜಲಪಾತದ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಬಸ್ಸು ಮರ್ಯಾದೆಯಿಂದ, ಸಾವಕಾಶವಾಗಿ ಹಿಂದೆ ಹೋಗಿ, ಹಿಂದಿನ ಗಾಲಿಗಳನ್ನು ಹಳ್ಳದಲ್ಲಿಟ್ಟು ಕುಳಿತುಕೊಂಡಿತು. ಬಂಪರು ಸೊಟ್ಟಾಯಿತು, ಹಿಂದಿನ ಗಾಜು ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. ರೈತರು ಓರೆಯಾದ ಬಸ್ಸಿನಲ್ಲೇ ಕೂತು, ಇದೂ ಪ್ರವಾಸದ ಒಂದು ಭಾಗವೆಂದು ತಿಳಿದು ಬುತ್ತಿ ಬಿಚ್ಚಿದರು.

ನಾನು ಹಿಂದೆ ಓಡಿದೆ. ಸೀಟಿ ಹೊಡೆದವನು ಯಾವನೇ ಇರಲಿ, ಎರಡು ಬಿಡಬೇಕೆಂದು ಹೋಗಿದ್ದೆ. ಹಳ್ಳದ ನಡುವಿನ ಬಂಡೆಯ ಮೇಲೆ ಒಂದು ಹಕ್ಕಿ ನಿಂತಿತ್ತು. ಗೊರವಂಕಕ್ಕಿಂತ ದಪ್ಪ, ಪಾರಿವಾಳಕ್ಕಿಂತ ಚಿಕ್ಕದು. ದೂರದಿಂದ ಕಪ್ಪು. ಸ್ವಲ್ಪ ಬೆಳಕು ಬಿದ್ದಾಗ ಮೈಯೆಲ್ಲ ಕಡುನೀಲಿ. ಹಣೆಯ ಮೇಲೂ ಹೆಗಲ ಮೇಲೂ ಹೊಳೆಯುವ ನೀಲಿ ಪಟ್ಟಿ, ವೆಲ್ಡಿಂಗ್ ಮಾಡುವಾಗ ಏಳುವ ಬೆಳಕಿನ ಬಣ್ಣ. ಕೊಕ್ಕು ಕಪ್ಪು, ಕಾಲು ಕಪ್ಪು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿತು, ಮುಚ್ಚಿತು. ಹಳ್ಳದಲ್ಲಿ ಕೂತ ಬಸ್ಸನ್ನು ತಲೆ ಓರೆ ಮಾಡಿ ನೋಡಿತು. ಆಮೇಲೆ ನೀರಿನಂಚಿನಿಂದ ಒಂದು ಏಡಿಯನ್ನು ಎಳೆದು ಬಂಡೆಗೆ ಟಪಟಪನೆ ಬಡಿಯತೊಡಗಿತು. ಮಾಡಿದ ಕೆಲಸಕ್ಕೆ ಅದರ ಮುಖದಲ್ಲಿ ನಾಚಿಕೆ ಇರಲಿಲ್ಲ.

ಮಾವಶಿ ಹಿಂದೆಯೇ ಬಂದು, "ಅಹೋ, ತೋ ಕಸ್ತೂರ್ ಆಹೇ," ಎಂದು ಹಕ್ಕಿಯ ಹೆಸರು ಹೇಳಿದಳು. ಆಮೇಲೆ ತನಗೆ ಬರುವ ಕನ್ನಡದಲ್ಲಿ, "ಪಾವಸಾದಾಗ, ಮಳ್ಯಾಗ, ರೋಜ್ ಹಿಂಗ ಸೀಟಿ ಹೊಡಿತೈತಿ. ನನ್ನ ಗಂಡಾ ಮೊದಲ ಮೊದಲ ನನಗ ಯಾರೋ ಕರೀತಾರ ಅಂತ ಬಡಿಗಿ ಹಿಡಕೊಂಡು ಹೋಗ್ತಿದ್ದಾ," ಎಂದಳು.

ಬಾಬು ಇಳಿದು ಬಂದ. "ಸೀಟಿ ಯಾಕ ಹೊಡದ್ಯೋ?"

"ನಾ ಹೊಡದಿಲ್ಲೋ. ಆ ಹಕ್ಕಿ ಹೊಡೀತು."

ಬಾಬು ಹಕ್ಕಿಯನ್ನು ನೋಡಿದ. ಹಕ್ಕಿ ಏಡಿಯ ಕಾಲು ನುಂಗಿತು. "ಸಿದ್ರಾಮ, ನಿನಗ ನಾಚಿಕಿ ಐತೇನ? ಏಡಿ ತಿನ್ನೂ ಪಕ್ಷಿ ಮ್ಯಾಲ ಹಾಕ್ತಿಯಲ್ಲ?"

ಟ್ರ್ಯಾಕ್ಟರ್ ಹಚ್ಚಿ ಎಳೆದು ನಿಪ್ಪಾಣಿ ಮುಟ್ಟಿದೆವು. ಬೇವಿನ ಗಿಡದ ಕೆಳಗೆ ಕುರ್ಚಿ ಬಿತ್ತು. ಬಾಬು ಎದೆ ಮುಂದೆ ಮಾಡಿ ನಿಂತ. "ಸಿದ್ರಾಮನ ಸೀಟಿ ನಾ ನಿದ್ದ್ಯಾಗೂ ಗುರುತ ಹಿಡಿತೀನ್ರಿ ತಾತ್ಯಾ. ಮನಷ್ಯಾಂದ ಯಾವುದು, ಪಕ್ಷೀದ ಯಾವುದು ಗೊತ್ತಾಗದಷ್ಟ ಖುಳಾ ಅಲ್ಲ ನಾ. ಹೊಡದಾಂವ ಇಂವಾ."

ನಾನು ನಡೆದದ್ದನ್ನು ಹೇಳಿದೆ. ತಾತ್ಯಾ ಕಣ್ಣು ಮುಚ್ಚಿ ಕೇಳಿದರು. ಇಂಥ ಕೇಸು ಅವರ ಬದುಕಿನಲ್ಲಿ ಬಂದಿರಲಿಲ್ಲ. ಮುಖದಲ್ಲಿ ಸಂತೋಷ ಕಾಣುತ್ತಿತ್ತು.

"ನಿಮ್ಮಿಬ್ಬರಾಗ ಒಬ್ಬಾಂವ ಸುಳ್ಳ. ಪಕ್ಷೀನ ಕೇಳಬೇಕು. ನಾನ ಘಟ್ಟಕ್ಕ ಬರ್ತೀನಿ. ಅದು ನನ್ನ ಎದರಿಗೆ ನಿನ್ನಂಗ ಸೀಟಿ ಹೊಡೀತು ಅಂದ್ರ ನಿನ್ನ ಕೆಲಸ ಉಳೀತು. ಹೊಡೀಲಿಲ್ಲ, ನೀ ಬ್ಯಾರೆ ಗಾಡಿ ನೋಡ್ಕೊ. ಅಲ್ಲಿತನಕ ಸೀಟಿ ಬಂದ್. ಬಾಯಾಗ ಬೆರಳ ಹೋಗಬಾರದು."

ನನ್ನ ವಯಸ್ಸಿನವನಿಗೆ ಬೇರೆ ಗಾಡಿ ಎಲ್ಲಿ ಸಿಗಬೇಕು? ಕ್ಯಾಮೆರಾದ ಗಾಡಿಗಳು ಬಂದಿದ್ದವು. ಸೀಟಿಯೊಂದೇ ನನ್ನ ಹತ್ತಿರ ಇದ್ದ ಸಾಮಾನು, ಅದೇ ಜಪ್ತಾಯಿತು. ಹೊರಗೆ ಏನೂ ತೋರಿಸಲಿಲ್ಲ. ಗಾಡಿ ಮೊದಲಿಗಿಂತ ಹೆಚ್ಚು ತೊಳೆದೆ. ಬಾಬು ಹಿಂದೆ ತೆಗೆಯುವಾಗ ನಾನು ಬಸ್ಸಿನ ಮೈ ಬಡಿಯುತ್ತಿದ್ದೆ, ಅವನು, "ಯಾಂವಾ ಬಾಗಲಾ ಬಡ್ಯಾಂವಾ?" ಎಂದು ಬೇಕೆಂದೇ ಇಳಿದು ಬಂದು ನೋಡುತ್ತಿದ್ದ. ಚಿಂಚಲಿಯಲ್ಲಿ ಪ್ರಯಾಣಿಕರೇ ಬೇಸತ್ತು ಕಿಟಕಿಯಿಂದ ತಲೆ ಹಾಕಿ ತಲೆಗೊಂದು ಮಾತು ಕೂಗಿದರು. ಅರ್ಧ ಜನ ಬಲಕ್ಕೆ ಅಂದರು, ಅರ್ಧ ಜನ ಎಡಕ್ಕೆ ಅಂದರು, ಬಸ್ಸು ಯಾವ ಕಡೆಗೂ ಹೋಗಲಿಲ್ಲ.

ತಾತ್ಯಾ ಅವರ ಘಟ್ಟದ ವಿಚಾರಣೆ ಮುಂದಕ್ಕೆ ಹೋಗುತ್ತ ಹೋಯಿತು. ಮಳೆ ನಿಲ್ಲಲಿ ಅಂದರು, ದೀಪಾವಳಿ ಆಗಲಿ ಅಂದರು. ಕೊನೆಗೆ ರಾಯಬಾಗ ಕಡೆಯ ಒಂದು ಶಾಲೆಯಲ್ಲಿ ಕಲಿಸುವ ಅಕ್ಕೋರು ಮಕ್ಕಳ ಪ್ರವಾಸಕ್ಕೆ ಬಸ್ಸು ಕೇಳಲು ಬಂದರು. ಘಟ್ಟಕ್ಕೆ ಎಂದು ಕೇಳಿದ ಕೂಡಲೇ ತಾತ್ಯಾ, "ಅದರಾಗ ನಮ್ಮ ವಿಚಾರಣಾನೂ ಆಗಿಬಿಡ್ಲಿ," ಎಂದು ತಮಗೂ ಒಂದು ಸೀಟು ಹಿಡಿದರು.

ಅಕ್ಕೋರು ಬಸ್ಸು ನೋಡಲು ಬಂದಾಗ ನಾನು ಹಕ್ಕಿಯ ಸಂಗತಿ ಕೇಳಿದೆ. ಬಣ್ಣ ಹೇಳುತ್ತಲೇ ಅವರ ಮುಖ ಅರಳಿತು.

"ಅದು ಸಿಳ್ಳಾರ ಸಿದ್ರಾಮಣ್ಣ. ಸಹ್ಯಾದ್ರಿ ಕಾಡಿನ ಹಕ್ಕಿ. ನೆರಳ ಇರಬೇಕು, ಬಂಡೆಗಲ್ಲ ಇರಬೇಕು, ಹರಿಯೂ ನೀರ ಇರಬೇಕು. ಗಂಡು ಹೆಣ್ಣು ಎರಡೂ ನೋಡಾಕ ಒಂದಾ. ಹುಳಾ, ಬಸವನಹುಳಾ, ಏಡಿ, ಕಾಡಹಣ್ಣ ತಿಂತಾವು. ಗೂಡ ಎಲ್ಲಿ ಕಟ್ಟತಾವು ಗೊತ್ತೇನ್ರಿ? ಜಲಪಾತದ ಬಾಜೂಕ, ಬಂಡೆ ಸಂದ್ಯಾಗ. ಪಾಚಿ, ಬೇರು, ಕೆಸರು ಕೂಡಿಸಿ ಬಟ್ಟಲದಂಗ ಕಟ್ಟತಾವು. ನೀರಿನ ಸಪ್ಪಳದಾಗ ಮರಿ ಅತ್ತರೂ ಯಾರಿಗೂ ಕೇಳಂಗಿಲ್ಲ."

"ಮತ್ತ ಸೀಟಿ ಅಕ್ಕೋರ?"

"ಅದಕ್ಕ ಅದು ಫೇಮಸ್. ಬೆಳಗ ಆಗೂ ಮೊದಲ ಹಾಡತೈತಿ. ಅಗದೀ ಮನಷ್ಯಾ ಸೀಟಿ ಹೊಡದಂಗ."

ನನ್ನ ಎದೆ ಅಗಲವಾಯಿತು. ಅಕ್ಕೋರು ಮುಂದುವರಿಸಿದರು: "ಆದ್ರ ಮಳಿಗಾಲದಾಗ, ಗೂಡ ಕಟ್ಟೂ ಕಾಲದಾಗ ಅಷ್ಟ. ಚಳಿಗಾಲದಾಗ ಗಪ್ ಇರ್ತಾವು."

"ಈಗ ಯಾವ ತಿಂಗಳ್ರಿ ಅಕ್ಕೋರ?" ಗೊತ್ತಿದ್ದೂ ಕೇಳಿದೆ.

"ಡಿಸೆಂಬರ್."

ತಾತ್ಯಾ ಅವರಿಗೆ ಹೋಗಿ ಹೇಳಿದೆ. ಮಳೆಗಾಲದವರೆಗೆ ತಡೆಯಿರಿ ಎಂದೆ. ಅವರು ಗಂಭೀರವಾಗಿ ತಲೆ ಅಲ್ಲಾಡಿಸಿ, "ಸಾಕ್ಷಿದಾರ ತನಗ ಸರಿಕಂಡ ಟೈಮಿಗೆ ಮಾತಾಡ್ತಾನ ಅಂದ್ರ ಕೋರ್ಟ್ ಕಾಯಂಗಿಲ್ಲ," ಎಂದರು.

ಪ್ರವಾಸದ ದಿನ ಬಂತು. ಮೊದಲ ತಿರುವಿನಲ್ಲೇ ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ವಾಂತಿ ಮಾಡಿಕೊಂಡರು. ಹುಡುಗರೇ, ಇದನ್ನು ನೆನಪಿಡಿ: ಬಯಲಿನ ಮಕ್ಕಳನ್ನು ಘಟ್ಟ ಹತ್ತಿಸುವಾಗ ಲಿಂಬೆಹಣ್ಣು ಬಾಗಿಲ ಹತ್ತಿರ ಇಡಬೇಕು, ಡಿಕ್ಕಿಯಲ್ಲಿ ಅಲ್ಲ. ಮೊದಲು ವಾಂತಿ ಮಾಡಿದವನನ್ನು ಬೈಯಬಾರದು. ಬೈದರೆ ಹೆದರಿ ಪಕ್ಕದವನೂ ಮಾಡುತ್ತಾನೆ. ನಾನು ಕೊಯ್ದ ಲಿಂಬೆಹಣ್ಣಿಗೆ ಅಂದು ಮೊದಲು ಕೈ ಚಾಚಿದವರು ತಾತ್ಯಾ.

ಹಳ್ಳದ ಬಯಲಿನಲ್ಲಿ ಇಳಿದೆವು. ತಾತ್ಯಾ ಮನೆಯಿಂದಲೇ ಕುರ್ಚಿ ತಂದಿದ್ದರು. ಅದನ್ನು ಹಳ್ಳಕ್ಕೆ ಎದುರಾಗಿ ಹಾಕಿಸಿ ಕೂತರು. ಮಕ್ಕಳನ್ನು ಅಕ್ಕೋರು ಬಂಡೆಗಳ ಮೇಲೆ ಸಾಲಾಗಿ ಕೂರಿಸಿ, ಬೆರಳು ತುಟಿಯ ಮೇಲಿಡಲು ಹೇಳಿದರು. ಬಾಬು ಕೈಕಟ್ಟಿ ನಿಂತ. ಮಾವಶಿ ಸಾಕ್ಷಿಗೆಂದು ಅಂಗಡಿ ಬಿಟ್ಟು ಬಂದಳು. ಎಲ್ಲರೂ ಒಂದು ಹಕ್ಕಿ ಬಂದು ಸೀಟಿ ಹೊಡೆಯಲೆಂದು ಕಾಯುತ್ತಿದ್ದರು. ನಾನು ಅದೇ ಹಕ್ಕಿ ಬಂದು ನನ್ನ ಕೆಲಸ ಉಳಿಸಲೆಂದು ಕಾಯುತ್ತಿದ್ದೆ.

ಅದು ಬಂತು. ನೆಲಮಟ್ಟದಲ್ಲೇ ಹಾರಿ, ನೆರಳಿನಿಂದ ನೆರಳಿಗೆ ಜಾರಿ, ನೀರಿನ ನಡುವಿನ ಬಂಡೆಯ ಮೇಲೆ ನಿಂತಿತು. ಬಿಸಿಲು ಬಿದ್ದು ಹೆಗಲ ನೀಲಿ ಮಿಂಚಿತು. ಮಕ್ಕಳೆಲ್ಲ ಒಟ್ಟಿಗೆ "ಆss" ಎಂದರು. ಅಕ್ಕೋರು ಪಿಸುಮಾತಿನಲ್ಲಿ, "ಬಾಲಾ ನೋಡ್ರಿ, ಬಾಲಾ," ಎಂದರು. ಅದು ಬಾಲ ಬಿಚ್ಚಿತು, ಮುಚ್ಚಿತು. ಎರಡು ಸಲ ಕುಪ್ಪಳಿಸಿ ನಿಂತಿತು. ಒಣ ಎಲೆ ಕೊಕ್ಕಿನಿಂದ ತಿರುವಿ ಹುಳ ಹೆಕ್ಕಿತು. ಬಸವನಹುಳವೊಂದನ್ನು ಹಿಡಿದು ಕಲ್ಲಿಗೆ ಕುಕ್ಕಿ ಚಿಪ್ಪು ಒಡೆದು ತಿಂದಿತು. ನೀರಿಗಿಳಿದು ರೆಕ್ಕೆ ಬಡಿದು ಸ್ನಾನ ಮಾಡಿತು. ಪುಸ್ತಕದಲ್ಲಿ ಏನೇನು ಬರೆದಿದೆಯೋ ಅದನ್ನೆಲ್ಲ ಮಾಡಿತು. ಸೀಟಿ ಒಂದನ್ನು ಬಿಟ್ಟು.

ತಾತ್ಯಾ ಕುರ್ಚಿಯಲ್ಲಿ ಮುಂದೆ ಬಾಗಿ, "ಹೇಳಪಾ, ಅಂಜಬ್ಯಾಡ," ಎಂದರು.

ಹಕ್ಕಿ "ಕ್ರೀ!" ಎಂದಿತು. ನಾನು ಎದ್ದು ನಿಂತೆ. ತಾತ್ಯಾ ಕೈ ಎತ್ತಿದರು. "ಕೂಡು. ಇದು ಸೀಟಿ ಅಲ್ಲ. ಬ್ರೇಕಿಗೆ ಆಯಿಲ್ ಇಲ್ಲದ ಸಪ್ಪಳ."

"ಅಂಜಿದಾಗ ಹಂಗ ಕೂಗತೈತ್ರಿ," ಎಂದರು ಅಕ್ಕೋರು. "ನೀವು ಮಾತಾಡಿಸಿದ್ರಿ, ಅದಕ್ಕ."

ಮಾವಶಿ, ಒಬ್ಬರು ಸೀಟಿ ಹೊಡೆದರೆ ಅದೂ ಹೊಡೆದೀತು ಎಂದಳು. ನನಗಂತೂ ಬಂದ್ ಇತ್ತು. ಆದ್ದರಿಂದ ಮಕ್ಕಳಿಗೆ ಅಪ್ಪಣೆಯಾಯಿತು. ಅರ್ಧದಷ್ಟು ಮಕ್ಕಳಿಗೆ ಮುಂದಿನ ಹಲ್ಲು ಬಿದ್ದಿದ್ದವು. ಫುಸ್ ಫುಸ್ ಎಂಬ ಸದ್ದಿನಿಂದ ಹಳ್ಳ ತುಂಬಿತು, ನೂರು ಟ್ಯೂಬು ಒಟ್ಟಿಗೆ ಪಂಕ್ಚರ್ ಆದಂತೆ. ಮಾವಶಿ ಪ್ರಯತ್ನಿಸಿ ಕೆಮ್ಮಿದಳು. ಕೊನೆಗೆ ತಾತ್ಯಾ ತಾವೇ ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿದು, ತುಟಿ ಮುಂದೆ ಮಾಡಿ ಊದಿದರು. ಗಾಳಿ ಬಂತು. ಹಕ್ಕಿ ರೆಕ್ಕೆ ಒಣಗಿಸಿಕೊಳ್ಳುತ್ತ ಅವರನ್ನು ನೋಡಿತು.

ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ಅಜ್ಜಾರ, ಹಕ್ಕಿ ಸೀಟಿ ಹೊಡೀಲಿಲ್ಲಂದ್ರ ಅದನ್ನ ಕೆಲಸದಿಂದ ತಗೀತೀರೇನ್ರಿ?"

"ಅದನ್ನಲ್ಲ ಬಾಳಾ, ಇವನ್ನ."

"ಯಾಕ್ರಿ? ಇವರು ಏನ ಮಾಡ್ಯಾರ?"

ತಾತ್ಯಾ ಹಲ್ಲಿನ ಸೆಟ್ಟು ಒರೆಸಿ ಬಾಯಿಗೆ ಹಾಕಿಕೊಂಡರು.

ಬಿಸಿಲು ಇಳಿಯತೊಡಗಿತು. ಹಕ್ಕಿ ಹಾರಿ ಜಲಪಾತದ ಹಿಂದಿನ ನೆರಳಿಗೆ ಹೋಯಿತು. ಮತ್ತೆ ಬರಲಿಲ್ಲ. ತಾತ್ಯಾ ಕುರ್ಚಿಯಿಂದ ಎದ್ದು ಧೋತರ ಕೊಡವಿಕೊಂಡರು. ಬಾಬು ಹೋಗಿ ಗಾಡಿ ಚಾಲೂ ಮಾಡಿ ಕೂತ. ಗೆದ್ದವನ ಬೆನ್ನು ಹೇಗಿರುತ್ತದೆ ಎಂದು ಅಂದು ನೋಡಿದೆ.

"ಮುಗೀತಪಾ ಸಿದ್ರಾಮ," ಎಂದರು ತಾತ್ಯಾ. ಅವರ ದನಿಯಲ್ಲಿ ಕೋಪ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ನಾಳೆಯಿಂದ ಬರಬ್ಯಾಡ."

ನಾನು ಬೇಡಿಕೊಳ್ಳುವವನಲ್ಲ. ಒಂದೇ ಮಾತು ಕೇಳಿದೆ. "ತಾತ್ಯಾ, ಗಾಡಿ ಇಲ್ಲಿ ತಿರಗಸಬೇಕು. ಮಕ್ಕಳ ಅದಾರ, ಹಿಂದ ಹಳ್ಳ ಐತಿ. ಕಡೀಕ ಇದೊಂದ ಸಲ ಸೀಟಿ ಹೊಡದ ತಿರಗಸ್ತೀನಿ."

ತಾತ್ಯಾ ಹಿಂದಿನ ಹಳ್ಳವನ್ನು ನೋಡಿದರು, ಮಕ್ಕಳನ್ನು ನೋಡಿದರು. "ಹೊಡಿ."

ಬಾಬು ಬಸ್ಸಿನ ಮುಂದಿನ ತುದಿಯಲ್ಲಿದ್ದ. ಈ ಮಾತು ಅವನಿಗೆ ಕೇಳಿರಲಿಲ್ಲ. ಮಕ್ಕಳು ಅಕ್ಕೋರ ಜೊತೆ ಪಕ್ಕಕ್ಕೆ ಸರಿದು ನಿಂತರು. ತಾತ್ಯಾ ನನ್ನ ಮಗ್ಗುಲಲ್ಲೇ ಇದ್ದರು. ನಾನು ಬಸ್ಸಿನ ಹಿಂದೆ, ಹಳ್ಳಕ್ಕೆ ಬೆನ್ನು ಕೊಟ್ಟು ನಿಂತೆ. ಕೈ ಅಂಗಿಗೆ ಒರೆಸಿಕೊಂಡೆ. ಎರಡು ಬೆರಳು ಬಾಯಲ್ಲಿಟ್ಟೆ. ಅಷ್ಟು ತಿಂಗಳು ಒಳಗೇ ಉಳಿದಿದ್ದ ಉಸಿರೆಲ್ಲ ಹೊರಗೆ ಬಂತು. ಸಾವಕಾಶ ಏರಿತು, ಇಳಿಯಿತು, ಮತ್ತೆ ಏರಿ ಬಂಡೆಗಳಿಗೆ ತಾಗಿ ಕಾಡಿನೊಳಗೆ ತೇಲಿ ಹೋಯಿತು. ನನ್ನ ಆಯುಷ್ಯದಲ್ಲಿ ಅಂಥ ಸೀಟಿ ಹೊಡೆದಿರಲಿಲ್ಲ. ಮಕ್ಕಳು ಬಾಯಿ ತೆರೆದು ನಿಂತರು.

ಬಸ್ಸು ಅಲ್ಲಾಡಲಿಲ್ಲ.

ಮತ್ತೆ ಹೊಡೆದೆ. ಇಂಜಿನ್ ಗುರುಗುಟ್ಟುತ್ತಿತ್ತು, ಬಸ್ಸು ಒಂದಿಂಚೂ ಸರಿಯಲಿಲ್ಲ. ಡ್ರೈವರ್ ಕಿಟಕಿಯಿಂದ ಬಾಬುನ ಕೈಯೊಂದು ಹೊರಬಂದು ಜೋರಾಗಿ ಬೀಸಿತು. ಚಳಿಗಾಲಕ್ಕೆ ಜಲಪಾತ ಸಣ್ಣದಾಗಿದ್ದರಿಂದ ಅವನ ಕೂಗು ಕೇಳಿಸಿತು: "ತಾತ್ಯಾ! ತಾತ್ಯಾ! ಕೇಳಿದ್ರೇನ್ರಿ? ಹಕ್ಕಿ! ಹಕ್ಕಿ ಸೀಟಿ ಹೊಡ್ಯಾಕತ್ತೈತ್ರಿ!"

ತಾತ್ಯಾ ನನ್ನ ಬಾಯಿ ನೋಡಿದರು. ಬೆರಳು ಇನ್ನೂ ಒಳಗೇ ಇದ್ದವು.

"ಬಾಬು," ಎಂದು ಅವರು ಕೂಗಿದರು, "ಹಿಂದ ತಗೀ, ಅಂವಾ ಸಿದ್ರಾಮ!"

"ಅಲ್ರೀ ತಾತ್ಯಾ! ಸಿದ್ರಾಮಗ ಸೀಟಿ ಬಂದ್ ಐತಲ್ರಿ! ಮತ್ತ ಸಿದ್ರಾಮಂದ ನಂಗ ಗೊತ್ತಿಲ್ಲೇನ್ರಿ? ಇಷ್ಟ ಚಂದ ಅಂವಗ ಎಲ್ಲಿ ಬರಬೇಕು? ಇದು ಪಕ್ಕಾ ಪಕ್ಷಿ. ಒಂದ ಸಲ ಹಳ್ಳಕ್ಕ ಬಿದ್ದೀನಿ, ಇನ್ನೊಮ್ಮಿ ಮೋಸ ಹೋಗಂಗಿಲ್ಲ ನಾ!"

ಮಕ್ಕಳು ನಕ್ಕ ನಗೆಗೆ ಜಲಪಾತದ ಸದ್ದು ಅಡಗಿತು. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡರು. ತಾತ್ಯಾ ನಗಲಿಲ್ಲ. ಅವರು ನ್ಯಾಯ ಹೇಳುವಾಗ ನಗುವವರಲ್ಲ. ಕುರ್ಚಿ ತರಿಸಿ, ಬಸ್ಸಿನ ಹಿಂದೆಯೇ ಹಾಕಿಸಿ, ಕೂತು, ಬಾಬುನನ್ನು ಕರೆಸಿದರು.

ಬಾಬು ಓಡಿ ಬಂದ. ನನ್ನ ಬೆರಳು ಬಾಯಲ್ಲಿದ್ದದ್ದನ್ನು ನೋಡಿದ. ತಾತ್ಯಾ ಅವರ ಮುಖ ನೋಡಿದ. ನಗುವ ಮಕ್ಕಳನ್ನು ನೋಡಿದ. ಅವನ ಕಬ್ಬಿಣದ ಬಾಯಿ ತೆರೆಯಿತು, ಮುಚ್ಚಿತು, ಆ ಹಕ್ಕಿಯ ಬಾಲದಂತೆ.

"ನಿದ್ದ್ಯಾಗೂ ಗುರುತ ಹಿಡಿತೀನಿ ಅಂದಾಂವ ಎಚ್ಚರ ಇದ್ದಾಗ ಹಿಡೀಲಿಲ್ಲ," ಎಂದರು ತಾತ್ಯಾ. "ಪಕ್ಷಿ ಸಾಕ್ಷಿ ಹೇಳಲಿಲ್ಲ, ಆದ್ರ ಡ್ರೈವರ್ ಹೇಳಿದ. ಸಿದ್ರಾಮ ಇರ್ತಾನ. ಬಂಪರಿನ ಖರ್ಚ ನಾ ಮರತೆ. ನಡೀರಿ, ಹಸಿವ್ಯಾಗೈತಿ."

ಅವರು ಲಿಂಬೆಹಣ್ಣು ಕೇಳುತ್ತ ಬಸ್ಸು ಹತ್ತಿದರು. ಮಕ್ಕಳೂ ಅಕ್ಕೋರೂ ಅವರ ಹಿಂದೆ ಹತ್ತಿದರು; ಕೆಳಗೆ ನಾವಿಬ್ಬರೇ ಉಳಿದೆವು. ಬಾಬು ನೆಲ ನೋಡುತ್ತ ನಿಂತಿದ್ದ. ತಪ್ಪಾಯಿತು ಅನ್ನುತ್ತಾನೆಂದು ನಾನು ಕಾದೆ. ಅವನು ತಲೆ ಎತ್ತಿ, ಸಿಟ್ಟಿನಿಂದಲೇ ಕೇಳಿದ:

"ಖರೇನ ನಿಂದಾ ಏನೋ ಅದು?"

"ನಂದ."

"ಮತ್ತ ಇಷ್ಟ ವರ್ಸ ಯಾಕ ಹಿಂಗ ಹೊಡೀಲಿಲ್ಲಲೇ, ಹರಾಮಿ?"

ಅವನು ಹೋಗಿ ಸ್ಟೇರಿಂಗ್ ಹಿಡಿದ. ನಾನು ಹಳ್ಳದ ಅಂಚಿಗೆ ಸರಿದು, ಮತ್ತೆ ಕೈ ಒರೆಸಿಕೊಂಡು, ಬೆರಳು ಬಾಯಲ್ಲಿಟ್ಟೆ. ಈ ಸಲ ಬಸ್ಸು ನನ್ನ ಕಡೆಗೇ ಬಂತು.